ರಹಿಮತಬಿಯ ಹೆಸರಿನ ರೊಟ್ಟಿ

೨೦೦೫ರ ಬೇಸಿಗೆಯಲ್ಲಿ ಗುಲ್ಷನಳಿಗೆ ಮಸೀದಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ಗಂಡ ಇನ್ನೊಬ್ಬಳ ಬೆನ್ನು ಹತ್ತಿದ್ದರೆ ಓಣಿಯವರ ಮುಂದೆ ಅತ್ತು ಕರೆಯಬಹುದಿತ್ತು, ರೋಣದಿಂದ ಅಣ್ಣನನ್ನು ಕರೆಸಿ ನ್ಯಾಯ ಕೇಳಬಹುದಿತ್ತು. ಗಂಡ ನಮಾಜಿಗೆ ಹೋಗುತ್ತಾನೆ, ಅಲ್ಲಿಯೇ ನಗುತ್ತಾನೆ, ಅಲ್ಲಿಯೇ ಉಣ್ಣುತ್ತಾನೆ, ಮನೆಗೆ ಬಂದರೆ ಗೋಡೆಗೆ ಮುಖ ಮಾಡುತ್ತಾನೆ ಎಂದು ಯಾರ ಮುಂದೆ ದೂರುವುದು? ಕೇಳಿದವರು ಅವಳಿಗೇ ಬುದ್ಧಿ ಹೇಳಿಯಾರು.

ಅವಳ ಗಂಡ ಉಮರ ನರಗುಂದದ ಗುಡ್ಡದ ಬುಡದ ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಮಾತು ಕಡಿಮೆ, ಕೈಕೆಲಸ ಚೊಕ್ಕ. ಶಿರೋಳ, ಕೊಣ್ಣೂರಿನ ಕಡೆಯ ರೈತರು ಮಗಳ ಮದುವೆ ಗೊತ್ತಾದ ಕೂಡಲೇ ಮನೆಯ ಹತ್ತಿಯನ್ನು ಮೂಟೆ ಕಟ್ಟಿಕೊಂಡು ಅವನ ಹತ್ತಿರವೇ ಬರುತ್ತಿದ್ದರು. ಅದಕ್ಕೆ ಹಿಂದಿನ ವರ್ಷದ ಸುಗ್ಗಿಯಲ್ಲಿ ಅವನಿಗೆ ಹಿಂಜುವ ಮಷಿನ್ನಿನ ಸಪ್ಪಳದೊಳಗೆ ಮಾತು ಕೇಳಿಸತೊಡಗಿತು. ಮೊದಲು ಮಷಿನ್ ನಿಲ್ಲಿಸಿ ಕಿವಿಗೊಟ್ಟು ಕೂರುತ್ತಿದ್ದ. ಆಮೇಲೆ ಅದರ ಹೊಟ್ಟೆ ಬಿಚ್ಚಿ ಒಳಗೆ ಕೈ ಹಾಕಿ ಹುಡುಕಿದ. ಓಣಿಯವರೆಲ್ಲ ಸೇರಿ ತನಗೆ ವಿಷ ಹಾಕುವ ಮಾತಾಡುತ್ತಿದ್ದಾರೆ ಎಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಮಗಳು ಸಾನಿಯಾ ಸಾಲೆಗೆ ಹೋಗಲಾರದೆ ಅಳತೊಡಗಿದಾಗ ಗುಲ್ಷನ ಅವಳನ್ನು ರೋಣದ ತನ್ನ ತವರಿಗೆ ಕಳಿಸಿದಳು.

ತಾಯತ ಕಟ್ಟಿಸಿದಳು, ದರ್ಗಾದಲ್ಲಿ ಕೂರಿಸಿದಳು. ಕಡೆಗೆ ಅಣ್ಣ ಬಂದು ಧಾರವಾಡದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಇದು ಮನಸ್ಸಿನ ಬೇನೆ, ಗುಳಿಗೆಯಿಂದ ಹತೋಟಿಗೆ ಬರುತ್ತದೆ, ಆದರೆ ಬಹಳ ದಿನ ತಪ್ಪದೆ ನುಂಗಬೇಕು ಎಂದು ಅವರು ಹೇಳಿದರು. ಉಮರ ಗುಳಿಗೆಯನ್ನು ನಾಲಿಗೆಗೂ ಮುಟ್ಟಿಸಲಿಲ್ಲ. ಅರೆದು ಚಹಾದಲ್ಲಿ ಹಾಕಿ ಕೊಡು, ಗೊತ್ತಾಗುವುದಿಲ್ಲ ಎಂದು ಅಣ್ಣ ಉಪಾಯ ಹೇಳಿ ರೋಣಕ್ಕೆ ಹೊರಟುಹೋದ. ಗುಲ್ಷನ ಹಾಗೆಯೇ ಮಾಡಿದಳು. ಉಮರ ಸ್ವಲ್ಪ ತಣ್ಣಗಾಗಿದ್ದ ಕೂಡ. ಆದರೆ ಒಂದು ಸಂಜೆ ಚಹಾ ಕುಡಿದು ಕಪ್ಪು ಬಗ್ಗಿಸಿ ನೋಡಿದಾಗ ತಳದಲ್ಲಿ ಬೆಳ್ಳಗಿನ ಹಿಟ್ಟು ಕಂಡಿತು. ಅವನು ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಕಪ್ಪನ್ನು ಅವಳ ಮುಂದಿಟ್ಟು, ಇದರಲ್ಲಿ ಏನಿದೆ ಎಂದು ಕೇಳಿದ. ಕರಗದ ಸಕ್ಕರೆ ಎಂದಳು ಗುಲ್ಷನ.

ಅಂದಿನಿಂದ ಅವನು ಅವಳ ಕೈಯ ನೀರನ್ನೂ ಮುಟ್ಟಲಿಲ್ಲ. ಅಂಗಡಿಯಿಂದ ಬಾಳೆಹಣ್ಣು, ಚುರಮರಿ ತಂದು ಗೋಡೆಗೆ ಬೆನ್ನು ಹಚ್ಚಿ ಕೂತು, ಅವಳ ಕಡೆಯೇ ನೋಡುತ್ತ ತಿನ್ನುತ್ತಿದ್ದ. ಒಲೆಯ ಮುಂದೆ ಕೂತು ಗುಲ್ಷನ ಒಬ್ಬಳೇ ಉಣ್ಣುತ್ತಿದ್ದಳು.

ಹೀಗಿರುವಾಗ ಅವನು ಮಸೀದಿಯ ಮೆಟ್ಟಿಲ ಮೇಲೆ ಹೋಗಿ ಕೂರತೊಡಗಿದ. ಕೆಲವರಿಗೆ ಅದು ಸರಿ ಕಾಣಲಿಲ್ಲ. ತಲೆ ಕೆಟ್ಟವನು ಸಾಲಿನಲ್ಲಿ ನಿಂತರೆ ಎಲ್ಲರ ನಮಾಜೂ ಕೆಡುತ್ತದೆ ಎಂದು ಇಮಾಮ್ ಸಾಹೇಬರಿಗೆ ದೂರು ಹೋಯಿತು. ವಯಸ್ಸಾದ ಇಮಾಮರು ಏನೂ ವಾದ ಮಾಡದೆ, ಅಜಾನ್ ಕೊಡುವ ಮುರ್ತುಜಾಸಾಬನ ಪಕ್ಕದಲ್ಲಿ ಉಮರನನ್ನು ನಿಲ್ಲಿಸಿದರು. ಮುಂದಿನ ಶುಕ್ರವಾರ ಎಲ್ಲರೆದುರು ಮಾತಾಡಿ, ಸಕ್ಕರೆ ಬೇನೆ ಬಂದವನ ಮನೆಗೆ ಹೋಗಿ ಆರೋಗ್ಯ ಕೇಳುತ್ತೀರಿ, ಮನಸ್ಸಿಗೆ ಬೇನೆ ಬಂದವನ ಮನೆಯ ಮುಂದೆ ಹಾಯಲು ಯಾಕೆ ಹೆದರುತ್ತೀರಿ, ಎರಡೂ ಅಲ್ಲಾಹನೇ ಕೊಟ್ಟ ಮೈಗೆ ಬಂದ ಬೇನೆಯಲ್ಲವೇ ಎಂದು ಕೇಳಿದರು. ಅಲ್ಲಿಗೆ ದೂರು ನಿಂತಿತು.

ಮುರ್ತುಜಾಸಾಬನಿಗೆ ಸಕ್ಕರೆ ಬೇನೆ, ಇಮಾಮರಿಗೆ ಬಿ.ಪಿ. ದಿನಾ ಸಂಜೆ ನಮಾಜು ಮುಗಿದ ಮೇಲೆ ಇಬ್ಬರೂ ಉಮರನ ಎದುರಿಗೇ ಕೂತು ತಮ್ಮ ತಮ್ಮ ಗುಳಿಗೆ ಬಿಚ್ಚಿ ನುಂಗಿ, ಮಸೀದಿಯ ಹರವಿಯ ನೀರು ಕುಡಿಯತೊಡಗಿದರು. ಅವನಿಗೆ ತಗೋ ಎಂದು ಒಂದು ದಿನವೂ ಹೇಳಲಿಲ್ಲ. ಕೆಲವು ವಾರ ನೋಡಿದ ಉಮರ, ಒಂದು ಸಂಜೆ ತಾನೇ ಮನೆಗೆ ಬಂದು, ನೆಲುವಿನ ಮೇಲಿದ್ದ ತನ್ನ ಗುಳಿಗೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಹೋದ. ಮೂವರೂ ಕೂಡಿ ನುಂಗಿದರಂತೆ.

ಈ ಸುದ್ದಿಯನ್ನು ಓಡೋಡಿ ಬಂದು ಹೇಳಿದವಳು ಮುರ್ತುಜಾಸಾಬನ ಹೆಂಡತಿ ರಹಿಮತಬಿ. ಗುಲ್ಷನಳಿಗೆ ಖುಷಿಯಾಗುತ್ತದೆ ಎಂದು ತಿಳಿದಿದ್ದಳು. ಗುಲ್ಷನಳಿಗೆ ಖುಷಿಯಾಯಿತು, ಅದೇ ಗಳಿಗೆಯಲ್ಲಿ ಎದೆಯೊಳಗೆ ಯಾರೋ ಕೆಂಡ ಇಟ್ಟಂತೆಯೂ ಆಯಿತು. ತಾನು ಕಾಲು ಹಿಡಿದು ಬೇಡಿಕೊಂಡರೂ ನುಂಗದ ಗುಳಿಗೆ. ತಾನು ಅರೆದು, ಕದ್ದು, ಸುಳ್ಳು ಹೇಳಿ ಕೆಟ್ಟವಳಾಗಿದ್ದು ಅದೇ ಗುಳಿಗೆಗಾಗಿ. ಅವರು ಒಂದು ಮಾತನ್ನೂ ಆಡದೆ ನುಂಗಿಸಿಬಿಟ್ಟರು.

ನೀರಿನ ಕೊಡ ಹೊತ್ತು ಬರುವ ನೆಪದಲ್ಲಿ ಅವಳು ಮಸೀದಿಯ ಎದುರಿನ ಸಂದಿಯಲ್ಲಿ ನಿಲ್ಲುತ್ತಿದ್ದಳು. ಆ ಬಾಗಿಲೊಳಗೆ ಅವಳು ಹೋಗುವಂತಿರಲಿಲ್ಲ. ಒಂದು ಸಂಜೆ ಒಳಗಿನಿಂದ ನಗು ಕೇಳಿಸಿತು. ಗಂಟಲಿನ ತಳದಿಂದ ಬರುವ ಆ ನಗುವನ್ನು ಅವಳು ಮದುವೆಯಾದ ಹೊಸತರಲ್ಲಿ ಕೇಳಿದ್ದಳು. ಕೊಡದ ನೀರು ಬೆನ್ನ ಮೇಲೆ ತುಳುಕಿ ಹರಿದರೂ ಗೊತ್ತಾಗದೆ ನಿಂತಳು. ಈ ಕಲ್ಲಿನ ಕಟ್ಟಡವೇ ನನಗೆ ಸವತಿಯಾಯಿತು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಹೆದರಿ ತೌಬಾ ತೌಬಾ ಎಂದು ಕೆನ್ನೆ ತಟ್ಟಿಕೊಂಡಳು. ಉರಿ ಮಾತ್ರ ಆರಲಿಲ್ಲ.

ಗುಳಿಗೆಯ ಹಿಂದೆ ಊಟವೂ ಹೋಯಿತು. ಮುರ್ತುಜಾಸಾಬನ ಬುತ್ತಿ ಮಧ್ಯಾಹ್ನ ಮಸೀದಿಯ ಅಂಗಳಕ್ಕೆ ಬರುತ್ತಿತ್ತು. ಒಂದು ದಿನ ಅವನು ರೊಟ್ಟಿ ಮುರಿದು ಅರ್ಧವನ್ನು ಉಮರನ ಕಡೆ ಸರಿಸಿದ. ಉಮರ ತಿಂದ. ಮರುದಿನದಿಂದ ರಹಿಮತಬಿ ಇಬ್ಬರಿಗೆ ಬುತ್ತಿ ಕಟ್ಟತೊಡಗಿದಳು. ಓಣಿಯ ಹೆಂಗಸರೆಲ್ಲ ಅವಳನ್ನು ಹೊಗಳುವವರೇ. ಗುಲ್ಷನಳಿಗೆ ಅದನ್ನು ಕೇಳಿ ಕೇಳಿ ಸಾಕಾಯಿತು. ರಹಿಮತಬಿ ಅವಳಿಗಿಂತ ಹಿರಿಯಳು, ನೋಡಲಿಕ್ಕೆ ಏನೂ ವಿಶೇಷವಿಲ್ಲದವಳು, ರೊಟ್ಟಿ ಬಡಿದರೆ ಅಂಚು ಒಡೆಯುತ್ತಿತ್ತು. ಆ ಒಡಕು ರೊಟ್ಟಿಯನ್ನು ತನ್ನ ಗಂಡ ಬೆರಳು ನೆಕ್ಕಿ ತಿನ್ನುತ್ತಾನಂತೆ.

ಒಂದು ಮುಂಜಾನೆ ತಾಳಲಾರದೆ ಗುಲ್ಷನ ರಹಿಮತಬಿಯ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

“ನನ್ನ ಗಂಡಗ ನೀ ಯಾಕ ಉಣಸ್ತಿ? ನಾ ಸತ್ತೇನ?”

ರಹಿಮತಬಿ ಹಿಟ್ಟಿನ ಕೈಯಲ್ಲೇ ಅವಳನ್ನು ನೋಡಿದಳು. ಸಿಟ್ಟಾಗಲಿಲ್ಲ. ಕೂರಿಸಿ ನೀರು ಕೊಟ್ಟಳು. ಹಾಗಾದರೆ ಅಡಿಗೆ ನೀನೇ ಮಾಡು, ಬುತ್ತಿ ಮಾತ್ರ ನನ್ನ ಮನೆಯಿಂದ ಹೋಗಲಿ, ಅವನಿಗೆ ಹೇಳುವುದು ಬೇಡ, ನಿನ್ನ ಕೈಯ ಊಟ ಅವನ ಹೊಟ್ಟೆಗೆ ಬೀಳುತ್ತದಲ್ಲ ಎಂದಳು. ಗಂಡನಿಗೂ ಈ ಮಾತು ತಿಳಿಸಿದಳು. ಮುರ್ತುಜಾಸಾಬ ಮೊದಲು ಹಿಂದೆಮುಂದೆ ನೋಡಿದ. ಆಮೇಲೆ, ಆಗಲಿ, ಆ ಹೆಣ್ಣುಮಗಳಿಗೂ ಸಮಾಧಾನವಾಗಲಿ ಎಂದು ಒಪ್ಪಿದ.

ಗುಲ್ಷನ ನಸುಕಿನಲ್ಲಿ ಎದ್ದು ಜೋಳದ ಹಿಟ್ಟು ನಾದಿ, ಚಂದ್ರನ ಹಾಗೆ ದುಂಡಗೆ, ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದಳು. ಬದನೆಕಾಯಿ ಎಣಗಾಯಿಗೆ ಶೇಂಗಾ, ಗುರೆಳ್ಳು ಹುರಿದು ಕುಟ್ಟುತ್ತಿದ್ದಳು. ಉಮರ ಹೊರಗೆ ಹೋದ ಮೇಲೆ ಸೆರಗಿನೊಳಗೆ ಮುಚ್ಚಿಕೊಂಡು ಹೋಗಿ ರಹಿಮತಬಿಯ ಡಬ್ಬಿಗೆ ತುಂಬಿ ಬರುತ್ತಿದ್ದಳು. ಡಬ್ಬಿ ಖಾಲಿಯಾಗಿ ಬಂತು ಎಂದು ತಿಳಿದಾಗ ಮೊದಮೊದಲು ಹೊಟ್ಟೆ ತುಂಬಿದಂತಾಗುತ್ತಿತ್ತು. ಬರಬರುತ್ತ ಅದೇ ಮುಳ್ಳಾಯಿತು. ಉಮರನ ಮುಖದಲ್ಲಿ ಕಳೆ ಬಂದಿತ್ತು. ಒಂದೆರಡು ಗಾದಿಗೆ ಕೈಯಿಂದಲೇ ಹೊಲಿಗೆ ಹಾಕಿದ. ಹೆಂಡತಿಯ ಜೊತೆ ಅಷ್ಟಿಷ್ಟು ಮಾತಾಡುವಂತಾಗಿದ್ದ. ಆದರೆ ಆಡುತ್ತಿದ್ದದ್ದು ಅವಳ ಮಾತಲ್ಲ. ಮುರ್ತುಜಾಸಾಬ ಹೀಗೆ ಅಂದ, ಇಮಾಮರು ಹಾಗೆ ಅಂದರು, ಇವತ್ತು ರಹಿಮತಬಿ ಮೆಂತ್ಯದ ಪಲ್ಯ ಕಳಿಸಿದ್ದಳು. ಆ ಮೆಂತ್ಯ ಬಿಡಿಸಿ ಪಲ್ಯ ಮಾಡಿದ್ದು ತಾನು. ತನ್ನ ಬೆರಳುಗಳಲ್ಲಿ ಇನ್ನೂ ಮೆಂತ್ಯದ ವಾಸನೆ ಇರುವಾಗ, ಆ ಹೆಂಗಸಿನ ಹೆಸರನ್ನು ಗಂಡನ ಬಾಯಿಂದ ಕೇಳಿಕೊಂಡು ಅವಳು ಹೂಂಗುಟ್ಟಬೇಕಾಗಿತ್ತು.

ಭಾದ್ರಪದದ ಮಳೆ ಹಿಡಿದ ಒಂದು ಮಧ್ಯಾಹ್ನ ಉಮರ ಉಂಡು ಬಂದು ಕಟ್ಟೆಯ ಮೇಲೆ ಕೂತ. ಮನಸ್ಸು ಹಗುರವಾಗಿತ್ತು ಎಂದು ಕಾಣುತ್ತದೆ, ತಾನಾಗಿಯೇ ಮಾತು ತೆಗೆದ.

“ರಹಿಮತಬಿ ಎಣಗಾಯಿ ಏನ್ ಮಾಡ್ತಾಳ, ಭಾಳ ಚಲೋ ಮಾಡ್ತಾಳ. ನೀನೂ ಒಮ್ಮೆ ಹೋಗಿ ಕಲ್ತ್ ಬಾ.”

ಗುಲ್ಷನ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

“ಅದು ನಾ ಮಾಡಿದ್ದು,” ಎಂದಳು. “ಇಷ್ಟ ದಿನ ನೀ ಉಂಡಿದ್ದೆಲ್ಲಾ ನನ್ನ ಕೈದು. ಆಕಿ ಡಬ್ಬಿ ಅಷ್ಟ ಕೊಟ್ಟಾಳ.”

ಹೇಳಿದ ಆ ಒಂದು ಕ್ಷಣ ಅವಳಿಗೆ ಹಿತವಾಯಿತು. ಮರುಕ್ಷಣವೇ ಉಮರನ ಕಣ್ಣು ಕಂಡಿತು. ಅಂದು ಕಪ್ಪಿನ ತಳವನ್ನು ನೋಡಿದ ಕಣ್ಣೇ ಅದು. ಅವನು ಎದ್ದು ಬಚ್ಚಲಿಗೆ ಹೋಗಿ ಗಂಟಲಲ್ಲಿ ಬೆರಳು ಹಾಕಿಕೊಂಡು ವಾಂತಿ ಮಾಡಿದ. ಆ ಸಂಜೆ ಅಜಾನ್ ಕೇಳಿಸಿದರೂ ಏಳಲಿಲ್ಲ. ಮುರ್ತುಜಾಸಾಬ ಬಂದು ಕರೆದರೆ ಬಾಗಿಲು ತೆರೆಯಲಿಲ್ಲ. ಗುಳಿಗೆ ನಿಂತಿತು. ಮಷಿನ್ ನಿಂತೇ ಇದ್ದರೂ ಅದರೊಳಗಿನ ಮಾತು ಮತ್ತೆ ಶುರುವಾಯಿತು. ವಾರ ಕಳೆಯುವುದರೊಳಗೆ ಒಂದು ಮುಂಜಾನೆ ಗುಲ್ಷನ ಹಿತ್ತಲಿನಿಂದ ಬಂದಾಗ ಬಾಗಿಲು ತೆರೆದಿತ್ತು, ಉಮರ ಇರಲಿಲ್ಲ.

ಆ ವರ್ಷ ಮಲಪ್ರಭೆ ತುಂಬಿ ಕೊಣ್ಣೂರಿನ ಸೇತುವೆಯ ಅಂಚಿಗೆ ಬಂದಿತ್ತು. ಎಲ್ಲರ ಮನಸ್ಸಿಗೂ ಮೊದಲು ಬಂದದ್ದು ಅದೇ. ಇಮಾಮರು ಮೈಕಿನಲ್ಲಿ ಸುದ್ದಿ ಹೇಳಿದರು. ಅಂಗಡಿ ಮುಚ್ಚಿ ಗಂಡಸರು ಬೈಕು, ಟೆಂಪೊ ಹತ್ತಿ ನಾಲ್ಕೂ ದಿಕ್ಕಿಗೆ ಹೋದರು. ಉಮರ ಸಾಲಿನಲ್ಲಿ ನಿಲ್ಲಬಾರದು ಎಂದಿದ್ದವರೂ ಹೋದರು. ಗುಲ್ಷನ ರಹಿಮತಬಿಯ ಜೊತೆ ಟೆಂಪೊದಲ್ಲಿ ಕೊಣ್ಣೂರಿಗೆ ಹೋಗಿ ಹೊಳೆಯ ದಂಡೆಯಲ್ಲಿ ನಿಂತಳು. ಕೆಂಪು ನೀರು ಜಾಲಿಗಿಡಗಳನ್ನು ಬುಡಸಮೇತ ಹೊತ್ತು ಹೋಗುತ್ತಿತ್ತು. ದೂರದಲ್ಲಿ ಕಪ್ಪಗೆ ಏನು ತೇಲಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಅಲ್ಲಿ ನಿಂತು ಅವಳು ಎಲ್ಲವನ್ನೂ ಹೇಳಿದಳು. ಅವನಿಗೆ ಗುಟ್ಟು ಬಿಟ್ಟುಕೊಟ್ಟವಳು ನಾನು, ನಿನ್ನ ಹೆಸರು ಅವನ ಬಾಯಲ್ಲಿ ಕೇಳಲಾರದೆ ಹೇಳಿಬಿಟ್ಟೆ ಎಂದಳು. ರಹಿಮತಬಿ ಅವಳ ತಲೆಯ ಮೇಲಿನ ಒದ್ದೆ ಸೆರಗನ್ನು ಹಿಂಡಿ ಮತ್ತೆ ಹೊದಿಸಿದಳು.

ಮಧ್ಯಾಹ್ನದ ಹೊತ್ತಿಗೆ ಶಿರೋಳದಿಂದ ಮಸೀದಿಯ ಎದುರಿನ ಟೆಲಿಫೋನ್ ಅಂಗಡಿಗೆ ಫೋನು ಬಂತು. ಮುರ್ತುಜಾಸಾಬ ಬೈಕಿನಲ್ಲಿ ಕೊಣ್ಣೂರಿಗೆ ಬಂದು ಸುದ್ದಿ ಹೇಳಿ, ಹೆಂಗಸರಿಬ್ಬರ ಜೊತೆ ಟೆಂಪೊ ಹತ್ತಿ ಶಿರೋಳಕ್ಕೆ ಹೊರಟ. ಉಮರ ಅಲ್ಲಿಯ ಹನಮಂತದೇವರ ಗುಡಿಯಲ್ಲಿದ್ದ. ಗುಡಿಯ ಪೂಜೆ ಮಾಡುವ ಹನಮಪ್ಪನ ಮಗಳ ಮದುವೆಯ ಗಾದಿ ಹೊಲಿದವನು ಉಮರನೇ, ಹಾಗಾಗಿ ನೋಡಿದ ಕೂಡಲೇ ಗುರುತು ಹತ್ತಿತ್ತು. ಭಜನೆಯವರು ಕೂಡಿ ಅವನಿಗೆ ಒಣಗಿದ ಧೋತರ ಕೊಟ್ಟು, ಯಾರೂ ಗದ್ದಲ ಮಾಡದಂತೆ ನೋಡಿಕೊಂಡಿದ್ದರು. ಕೊಟ್ಟ ಅನ್ನವನ್ನು ಅವನು ಮುಟ್ಟಿರಲಿಲ್ಲ. ಹನಮಪ್ಪ ಒಂದಿಷ್ಟು ಹೊತ್ತು ನೋಡಿ, ಹೊಲಕ್ಕೆ ಹೋಗಿ ಹಸಿ ಶೇಂಗಾ ಬಳ್ಳಿ ಕಿತ್ತು ತಂದು ನಡುವೆ ಹಾಕಿಕೊಂಡು ಕೂತ. ಸಿಪ್ಪೆಯೊಳಗಿನ ಕಾಳಿಗೆ ಯಾರ ಕೈಯೂ ತಾಗಿರುವುದಿಲ್ಲವಲ್ಲ. ಇಬ್ಬರೂ ಸುಲಿದು ಸುಲಿದು ತಿನ್ನುತ್ತಿದ್ದರು. ಟೆಂಪೊದಿಂದ ಇಳಿದು ಗುಲ್ಷನ ಕಂಡದ್ದು ಅದನ್ನು. ಗಂಡ ಜೀವಂತ ಇದ್ದ. ಅಂಥ ಹೊತ್ತಿನಲ್ಲೂ, ಈ ಪೂಜಾರಿಗೆ ಹೊಳೆದದ್ದು ನನಗೆ ಯಾಕೆ ಹೊಳೆಯಲಿಲ್ಲ ಎಂಬ ಕಿಚ್ಚಿನ ಎಳೆಯೊಂದು ಎದ್ದೇ ಎದ್ದಿತು.

ಉಮರ ಅವರನ್ನು ಕಂಡು ಕಂಬಕ್ಕೆ ಆತುಕೊಂಡ. “ನೀವೆಲ್ಲಾರೂ ಕೂಡಿ ನನ್ನ ಆಟ ಆಡಿಸಿದ್ರಿ,” ಎಂದ.

ಮುರ್ತುಜಾಸಾಬ ಮೆಟ್ಟಿಲ ಕೆಳಗೇ ಕೂತ. “ಹೌದ್ ಉಮರ. ಡಬ್ಬಿ ವಿಷಯದಾಗ ನಾ ನಿನಗ ಸುಳ್ಳ ಹೇಳೀನಿ. ತಪ್ಪು ನಂದು, ಮಾಫ್ ಮಾಡು. ಅನ್ನದಾಗ ಮಾತ್ರ ಏನೂ ಇರಲಿಲ್ಲ.”

ಉಮರ ಹೆಂಡತಿಯ ಕಡೆ ನೋಡಿದ. ಗುಲ್ಷನಳಿಗೆ ಇನ್ನು ಮುಚ್ಚಿಡುವುದರಲ್ಲಿ ಅರ್ಥ ಕಾಣಲಿಲ್ಲ.

“ಅವತ್ತ ಕಪ್ಪಿನ್ಯಾಗ ಇದ್ದದ್ದು ಸಕ್ಕರಿ ಅಲ್ಲ,” ಎಂದಳು. “ಗುಳಗಿ ಅರದ ಹಾಕಿದ್ದೆ. ನೀ ಕೇಳಿದಾಗ ಅಂಜಿ ಸುಳ್ಳ ಹೇಳಿದೆ.”

ಉಮರ ಕೈಯಲ್ಲಿದ್ದ ಶೇಂಗಾ ಸಿಪ್ಪೆಯನ್ನು ಕೆಳಗೆ ಹಾಕಿದ. “ನನಗ ಗೊತ್ತಿತ್ತು,” ಎಂದ. “ನೀ ಇಲ್ಲ ಅಂದಿ. ಆಮ್ಯಾಲ ಯಾವುದು ಖರೇ, ಯಾವುದು ನನ್ನ ತಲಿಯಾಗಿಂದು, ನನಗ ತಿಳೀದಂಗ ಆತು.”

ಎರಡು ದಿನ ಬಿಟ್ಟು ಮುರ್ತುಜಾಸಾಬ, ಗುಲ್ಷನ ಇಬ್ಬರೂ ಅವನ ಜೊತೆ ಧಾರವಾಡಕ್ಕೆ ಹೋದರು. ಡಾಕ್ಟರರು ಔಷಧ ಬದಲಿಸಿ, ಮಧ್ಯಾಹ್ನದ ಊಟದ ಮೇಲೊಂದು, ಸಂಜೆಗೊಂದು ಗುಳಿಗೆ ಬರೆದರು. ಕದ್ದು ಕೊಡುವುದು ಇನ್ನು ಬೇಡ, ಏನು ಮಾಡಿದರೂ ಅವನಿಗೆ ಹೇಳಿಯೇ ಮಾಡಿ ಎಂದರು. ಹೀಗಾಗಿ ಒಂದು ಕರಾರು ಆಯಿತು. ಊಟ ಮನೆಯಲ್ಲಿ. ಒಂದೇ ತಾಟಿನಿಂದ ಮೊದಲ ತುತ್ತು ಗುಲ್ಷನ ತಿನ್ನಬೇಕು, ಆಮೇಲೆ ಅವನು. ಸಂಜೆಯ ಗುಳಿಗೆ ಮಸೀದಿಯಲ್ಲಿ, ಮೊದಲಿನ ಹಾಗೆ ಮೂವರೂ ಕೂಡಿ. ತನ್ನ ಮನೆಯಲ್ಲಿ ತಾನೇ ಮಾಡಿದ ಅಡಿಗೆಯನ್ನು ಕಳ್ಳಿಯ ಹಾಗೆ ರುಜುವಾತು ಮಾಡಿ ಬಡಿಸುವುದು ಗುಲ್ಷನಳಿಗೆ ಅವಮಾನವೇ ಅನಿಸಿತು. ಆದರೂ ತಿಂದಳು. ಅವನೂ ತಿಂದ.

ಅದೇ ವಾರ ಇಮಾಮರು ರಹಿಮತಬಿಯನ್ನು ಜೊತೆಗೆ ಕರೆದುಕೊಂಡು ಮನೆಗೆ ಬಂದರು. ಉಮರನ ಜೊತೆ ಎರಡು ಮಾತಾಡಿ, ಆಮೇಲೆ ಒಳಬಾಗಿಲಿನ ಕಡೆ ಮುಖ ಮಾಡಿ, “ನೀ ಹ್ಯಾಂಗ ಅದಿಯವ್ವಾ?” ಎಂದು ಕೇಳಿದರು.

ಇಷ್ಟು ದಿನ ಬಂದವರೆಲ್ಲ ಕೇಳಿದ್ದು ಅವನು ಹೇಗಿದ್ದಾನೆ ಎಂದು. ಗುಲ್ಷನ ಸೆರಗು ಬಾಯಿಗೆ ಒತ್ತಿಕೊಂಡು ಕದದ ಹಿಂದೆ ನಿಂತುಬಿಟ್ಟಳು. ನಾವು ಒಬ್ಬನ ಕೈ ಹಿಡಿದೆವು, ಅವನನ್ನು ಹೊತ್ತು ನಿಂತಿದ್ದವಳನ್ನು ಮರೆತೆವು, ಅದು ನಮ್ಮಿಂದಾದ ಕಸೂರು ಎಂದು ಇಮಾಮರು ಹೇಳಿ ಹೋದರು. ಗುರುವಾರಕ್ಕೊಮ್ಮೆ ಓಣಿಯ ಹೆಂಗಸರು ಒಂದೊಂದು ಮನೆಯಲ್ಲಿ ಕೂಡಿ ಪೈಗಂಬರರ ಹೆಸರಿನಲ್ಲಿ ದರೂದ್ ಓದುತ್ತಿದ್ದರು. ಆ ಗುರುವಾರ ಗುಲ್ಷನಳ ಮನೆಯಲ್ಲಿಯೇ ಕೂಡಿದರು. ವರ್ಷದಿಂದ ಅವಳ ಅಂಗಳ ತುಳಿಯದಿದ್ದವರು ಬಂದು ಚಹಾ ಕುಡಿದರು. ಒಬ್ಬಳು ಹಿಟ್ಟು ಬೀಸಿಸಿ ತರುತ್ತೇನೆ ಎಂದಳು, ಇನ್ನೊಬ್ಬಳು, ಉಮರನ ಹತ್ತಿರ ನಮ್ಮವರು ಕೂರುತ್ತಾರೆ, ನೀನು ರೋಣಕ್ಕೆ ಹೋಗಿ ಮಗಳನ್ನು ನೋಡಿಕೊಂಡು ಬಾ ಎಂದಳು.

ಎಲ್ಲರೂ ಎದ್ದು ಹೋದ ಮೇಲೆ ರಹಿಮತಬಿ ಕಪ್ಪು ತೊಳೆಯಲು ಉಳಿದಳು. ಗುಲ್ಷನ ತಲೆ ತಗ್ಗಿಸಿ, ಅಕ್ಕಾ, ನಿನ್ನ ಮೇಲೆ ಬಹಳ ಹೊಟ್ಟೆ ಉರಿದುಕೊಂಡೆ ಎಂದಳು. ರಹಿಮತಬಿ ಕಪ್ಪು ತಿಕ್ಕುವುದನ್ನು ನಿಲ್ಲಿಸಿದಳು.

“ನಾ ಏನ್ ಸುಮ್ನ ಇದ್ದೆ ಅಂತ ತಿಳದಿಯೇನ? ನಮ್ಮವ್ರು ಮನಿಗೆ ಬಂದ್ರ ಉಮರ, ಉಂಡ್ರ ಉಮರ, ಮಲಗಿದ್ರ ಉಮರ. ನನಗ ಮೊಣಕಾಲ ಬ್ಯಾನಿ ಬಂದು ತಿಂಗಳಾತು, ಒಮ್ಮಿನೂ ಕೇಳಿಲ್ಲ. ನಿನ್ನ ಗಂಡನ ಮ್ಯಾಲ ನನಗೂ ಅಷ್ಟ ಉರೀತಿತ್ತು.”

ಗುಲ್ಷನ ಅವಳ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೊರಗೆ ಕೂತಿದ್ದ ಉಮರ ಇಣುಕಿ ನೋಡಿ, ಏನೆಂದು ತಿಳಿಯದೆ ಮತ್ತೆ ಹೊಲಿಗೆಗೆ ಬಗ್ಗಿದ. ಆ ಸಂಜೆ ಗುಲ್ಷನ ಎಣ್ಣೆ ಕಾಯಿಸಿ ತೆಗೆದುಕೊಂಡು ಹೋಗಿ ರಹಿಮತಬಿಯ ಮೊಣಕಾಲು ತಿಕ್ಕಿದಳು.

ಅಕ್ಟೋಬರಿನಲ್ಲಿ ರಮಜಾನ್ ಬಂತು. ಉಮರ ರೋಜಾ ಇರುತ್ತೇನೆಂದು ಹಠ ಹಿಡಿದ. ಬೇನೆಯವನಿಗೆ ಅಲ್ಲಾಹನೇ ವಿನಾಯಿತಿ ಕೊಟ್ಟಿದ್ದಾನೆ, ಗುಳಿಗೆ ನುಂಗುವುದೇ ಈ ವರ್ಷ ನಿನ್ನ ಪಾಲಿನ ಕೆಲಸ ಎಂದು ಇಮಾಮರು ಅವನನ್ನು ಒಪ್ಪಿಸಿದರು. ಸಕ್ಕರೆ ಬೇನೆಯ ಮುರ್ತುಜಾಸಾಬನಿಗೂ ಅದೇ ಮಾತು ಹೇಳಿದರು, ಅವನು ಮಾತ್ರ ಗೊಣಗುತ್ತಲೇ ಇದ್ದ.

ಮೊದಲ ದಿನ ಮಧ್ಯಾಹ್ನ ಗುಲ್ಷನ ತಾಟು ತಂದಿಟ್ಟಳು. ಓಣಿಯಲ್ಲಿ ಬೇರೆ ಒಂದು ಒಲೆಯ ಹೊಗೆಯೂ ಇರಲಿಲ್ಲ. ರೊಟ್ಟಿ ಮುರಿದು ತುತ್ತು ಮಾಡಿ ಬಾಯ ಹತ್ತಿರ ಒಯ್ದಾಗ ಅವಳ ಕೈ ನಿಂತಿತು. ಅವಳಿಗೆ ರೋಜಾ ಇತ್ತು. ಈ ತುತ್ತು ತಿಂದರೆ ರೋಜಾ ಮುರಿಯುತ್ತದೆ. ತಿನ್ನದಿದ್ದರೆ ಅವನು ಉಣ್ಣುವುದಿಲ್ಲ, ಉಣ್ಣದೆ ಗುಳಿಗೆ ಇಲ್ಲ. ಮುರಿದರೆ ಮುರಿಯಲಿ, ಹಬ್ಬ ಕಳೆದ ಮೇಲೆ ಬೇರೊಂದು ದಿನ ಕಜಾ ಹಿಡಿದು ತೀರಿಸಿದರಾಯಿತು ಎಂದು ಬಾಯಿ ತೆರೆದಳು.

ಉಮರ ಅವಳ ಮುಂಗೈ ಹಿಡಿದ. ವರ್ಷದ ಮೇಲೆ ಅವನ ಕೈ ಅವಳಿಗೆ ತಾಗಿತ್ತು.

“ಬ್ಯಾಡ. ನೀ ರೋಜಾ ಇರು,” ಎಂದ.

ಅವಳ ಬೆರಳಿನಿಂದ ತುತ್ತು ಬಿಡಿಸಿಕೊಂಡ. ಅದನ್ನು ಒಂದು ಸಲ ತಿರುಗಿಸಿ ನೋಡಿದ. ಆಮೇಲೆ ಬಾಯಿಗೆ ಹಾಕಿಕೊಂಡು ಅಗಿದ, ನಿಧಾನಕ್ಕೆ. ಎರಡನೆಯ ತುತ್ತನ್ನು ತಾನೇ ಮುರಿದುಕೊಂಡ. ಗುಲ್ಷನ ಎದುರಿಗೆ ಕೂತಿದ್ದಳು. ಊಟ ಮುಗಿಸಿ ಅವನು ಗುಳಿಗೆ ನುಂಗಿ ಅವಳಿಟ್ಟ ಚರಿಗೆಯ ನೀರು ಕುಡಿದ.

ಸಂಜೆ ಇಫ್ತಾರಿನ ಹೊತ್ತಾಗುತ್ತಲೇ ಅವನು ಟೊಪ್ಪಿಗೆ ಹಾಕಿಕೊಂಡು ಮಸೀದಿಯ ಕಡೆ ಲಗುಬಗೆಯಿಂದ ಹೊರಟ. ಅಲ್ಲಿ ಅವನ ದೋಸ್ತರು ಖರ್ಜೂರ ಹಿಡಿದು ಕಾಯುತ್ತಿರುತ್ತಾರೆ. ಅವನ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ಗುಲ್ಷನ ಬಾಗಿಲಲ್ಲಿ ನಿಂತಿದ್ದಳು. ಎದೆಯಲ್ಲಿ ಚುರುಕ್ ಎಂದಿತು. ಆ ಹಳೆಯ ಕಿಚ್ಚು ಆರಿಹೋಗಿದೆ ಎನ್ನಲು ಅವಳಿಗೆ ಬರುವಂತಿರಲಿಲ್ಲ. ಹಬ್ಬಕ್ಕೆ ಸಾನಿಯಾ ರೋಣದಿಂದ ಬರುವವಳಿದ್ದಳು, ಅಷ್ಟರೊಳಗೆ ಮನೆಗೆ ಸುಣ್ಣ ಹಚ್ಚಬೇಕಿತ್ತು. ಇನ್ನೇನು ಅಜಾನ್ ಆಗುತ್ತದೆಂದು ಅವಳು ರಹಿಮತಬಿಯ ಮನೆಗೆ ಹೊರಟಳು. ಈ ತಿಂಗಳು ಇಬ್ಬರೂ ಕೂಡಿಯೇ ರೋಜಾ ಬಿಡುವುದೆಂದು ಮಾತಾಗಿತ್ತು.